ಕಿಪ್ಪೋದ್ ಕಡಿದ ಕೊಂಬು

ಇವತ್ತು ಬೆಳಿಗ್ಗೆ ಮತ್ತೆ ಅಂಗಿ ಜಾರಿ ಬಿತ್ತು.

ನನ್ನ ಕೋಣೆಯ ಗೋಡೆಗೆ ಒಂದು ಜಿಂಕೆಕೊಂಬನ್ನು ಗೂಟದ ಹಾಗೆ ನಾಟಿದ್ದೇನೆ. ಎರಡು ಕವಲಿನ ಕೊಂಬು. ಒಂದು ಕವಲು ಚೆನ್ನಾಗಿದೆ. ಪಂಚೆ, ಟವೆಲ್ಲು, ಕೊಡೆ, ಏನು ಹಾಕಿದರೂ ಹಿಡಿದುಕೊಳ್ಳುತ್ತದೆ. ಇನ್ನೊಂದಕ್ಕೆ ತುದಿಯೇ ಇಲ್ಲ. ಸಣ್ಣ ಉಳಿಯಿಂದ ಯಾರೋ ಬಿಡುವಾಗಿ ಕೂತು ಕೆತ್ತಿದ ಹಾಗೆ ಸಾಲುಸಾಲು ಗೀರು ಬಿದ್ದು ಮೊಂಡಾಗಿದೆ. ಕನ್ನಡಕ ಇಲ್ಲದಾಗ ನನ್ನ ಕೈ ಹೋಗುವುದು ಆ ಮೊಂಡು ಕವಲಿಗೇ. ಮನೆಯಲ್ಲಿ ಇರುವವನು ನಾನೊಬ್ಬನೇ ಆದ್ದರಿಂದ ಬಿದ್ದದ್ದನ್ನು ನಾನೇ ಬಗ್ಗಿ ಎತ್ತಬೇಕು. ಎತ್ತುತ್ತೇನೆ, ಮತ್ತೆ ಅದಕ್ಕೇ ಹಾಕುತ್ತೇನೆ. ಎದುರುಮನೆಯವರು ಒಮ್ಮೆ ನೋಡಿ, "ಇದನ್ನ ಬಿಸಾಕಿ ಎರಡು ಮೊಳೆ ಹೊಡೀರಿ ಮೇಸ್ತ್ರಿ, ಜೀವಮಾನವೆಲ್ಲ ಗೋಡೆ ಕಟ್ಟಿದೋರಿಗೆ ಒಂದು ಮೊಳೆ ಹೊಡೆಯೋಕೆ ಬರಲ್ವಾ?" ಎಂದರು. ಮೊಳೆ ಹೊಡೆಯಲು ಬರುತ್ತದೆ. ಆದರೆ ಆ ಗೀರುಗಳು ಯಾರ ಹಲ್ಲಿನವು ಎಂದು ಅವರಿಗೆ ಹೇಳಲು ಹೊರಟರೆ ಕಾಫಿ ಆರಿಹೋಗುತ್ತದೆ. ನಿಮಗೆ ಬಿಡುವಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ಬೇಜಾರೇನೂ ಇರಲಿಲ್ಲ. ಅಪ್ಪ ತೀರಿಕೊಂಡಿದ್ದರು, ಅಣ್ಣ ಹೊಲ ನೋಡುತ್ತಿದ್ದ, ನಾನು ಗಾರೆ ಕೆಲಸಕ್ಕೆ ಸೇರಿದೆ. ಇಪ್ಪತ್ತು ತುಂಬುವ ಹೊತ್ತಿಗೆ ನನ್ನ ಕೈಕೆಳಗೆ ಆರು ಜನ ಇದ್ದರು. ಅರವತ್ತರ ದಶಕ ಅದು. ಪಿರಿಯಾಪಟ್ಟಣ, ಬೆಟ್ಟದಪುರದ ಸುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ನೋಡದವರಿಗೆ ಹೇಳುತ್ತೇನೆ: ಬ್ಯಾರನ್ ಎಂದರೆ ಮನುಷ್ಯರಿಲ್ಲದ ಎತ್ತರದ ಮನೆ. ಒಳಗೆ ಎಲೆ ನೇತುಹಾಕಿ ಕೆಳಗಿನಿಂದ ಬಿಸಿ ಕೊಡುತ್ತಾರೆ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಿಸಿ ಸೋರಿ ಎಲೆಯ ಬಣ್ಣ ಕೆಡುತ್ತದೆ. ನಾನು ಎತ್ತಿದ ಗೋಡೆಯಲ್ಲಿ ಸೋರುತ್ತಿರಲಿಲ್ಲ. ಬೆಟ್ಟದಪುರದ ಗೌಡರೊಬ್ಬರು ನಾಲ್ಕು ಜನರ ಮುಂದೆ, "ಇವನ ಗೋಡೇಲಿ ಇರುವೆಗೂ ದಾರಿ ಇಲ್ಲ ಕಣ್ರೀ" ಎಂದಿದ್ದರು. ಆ ಮಾತನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೇನೋ ಲೆಕ್ಕವಿಲ್ಲ. ಈಗ ಅದು ನೆನಪಾದರೆ ಬೇರೆ ಥರ ಕೇಳಿಸುತ್ತದೆ.

ಆ ಹೊತ್ತಿಗೆ ನಾನು ಹುಣಸೂರಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಲ್ಲಿ ದೇವಮಿತ್ರ ಎಂಬ ಪಾದ್ರಿಗಳಿದ್ದರು. ಜನ ಅಯ್ನೋರು ಎನ್ನುತ್ತಿದ್ದರು. ಒಂದು ಚಿಕ್ಕ ಚರ್ಚು, ಅದರ ಹಿಂದೆ ಅವರ ಮನೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಮನೆಯ ಗಾರೆ ಉದುರಿದ್ದನ್ನು ಸರಿ ಮಾಡಿಕೊಡಲು ನನ್ನನ್ನು ಕರೆಸಿದರು. ಮಧ್ಯಾಹ್ನ ನಾನು ಹೊರಗೆ ಮರದ ಕೆಳಗೆ ಬುತ್ತಿ ಬಿಚ್ಚಿದರೆ, "ಒಳಗೆ ಬನ್ನಿ, ಇಬ್ಬರೂ ಒಟ್ಟಿಗೆ ತಿನ್ನೋಣ" ಎಂದು ಮೇಜಿಗೆ ಕರೆಯುತ್ತಿದ್ದರು. ಮೇಜಿನ ಮೇಲೆ ಎರಡು ತಟ್ಟೆ, ಗೋಡೆಯ ಮೇಲೆ ಒಂದು ಗಡಿಯಾರ. ಮೊದಲ ಎರಡು ದಿನ ಗಡಿಯಾರ ಬಿಟ್ಟು ಇನ್ನಾರೂ ಮಾತಾಡಲಿಲ್ಲ. ಮೂರನೆಯ ದಿನ ಅವರು ಒಂದು ದಪ್ಪ ನೋಟುಬುಕ್ಕು ತಂದಿಟ್ಟರು.

"ಮೇಸ್ತ್ರಿ, ನೀವು ಕಾಡಂಚಿನವರಲ್ಲವೆ? ಒಂದು ಪ್ರಾಣಿಯ ವಿಷಯ ಕೇಳಬೇಕಿತ್ತು."

"ಕೇಳಿ ಅಯ್ನೋರೇ. ಆನೆಯಿಂದ ಇರುವೆಗಂಟ ಗೊತ್ತು."

"ಕಿಪ್ಪೋದ್."

"ಅದು ನಮ್ ಕಡೆ ಇಲ್ಲ ಬುಡಿ."

ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ವಿವರಿಸಿದರು. ಅವರ ವೇದದಲ್ಲಿ, ಅಂದರೆ ಬೈಬಲಿನಲ್ಲಿ, ಬರುವ ಪ್ರಾಣಿಪಕ್ಷಿಗಳನ್ನೆಲ್ಲ ಹಳ್ಳಿಯ ಜನಕ್ಕೆ ತಿಳಿಯುವ ಹಾಗೆ ಒಂದು ಪುಸ್ತಕದಲ್ಲಿ ಬರೆಯಬೇಕೆಂದು ಇಪ್ಪತ್ತು ವರ್ಷದಿಂದ ಟಿಪ್ಪಣಿ ಮಾಡಿಟ್ಟಿದ್ದರಂತೆ. ಸಿಂಹ, ನರಿ, ಒಂಟೆ, ಮಿಡತೆ ಎಲ್ಲಾ ಮುಗಿದು ಒಂದೇ ಒಂದು ಪುಟ ಖಾಲಿ ಉಳಿದಿತ್ತು. ಕಿಪ್ಪೋದ್ ಎಂಬುದು ಇಬ್ರಿಯ, ಅಂದರೆ ಹೀಬ್ರೂ ಭಾಷೆಯ ಮಾತು. ಪ್ರವಾದಿಗಳ ಮಾತಿನಲ್ಲಿ ಮೂರೇ ಮೂರು ಸಲ ಬರುತ್ತದೆ. ಮೂರೂ ಸಲ ಯಾವುದೋ ದೊಡ್ಡ ಊರೋ ನಾಡೋ ಹಾಳಾಗಿಹೋಗುತ್ತದೆ ಎಂದು ಹೇಳುವಾಗಲೇ. ಜನ ಹೋದ ಮೇಲೆ ಆ ಜಾಗಕ್ಕೆ ಒಡೆಯನಾಗಿ ಬರುವುದು ಈ ಕಿಪ್ಪೋದ್. ಕೆಲವು ಪಂಡಿತರು ಮುಳ್ಳುಹಂದಿ ಎಂದರು, ಕೆಲವರು ಜೌಗಿನ ಕೊಕ್ಕರೆ ಎಂದರು, ಇನ್ನು ಕೆಲವರು ಗೂಬೆ ಎಂದರು.

"ಮಾತಿನ ಬೇರಿನಲ್ಲಿ ಮುದುಡಿಕೊಳ್ಳೋದು ಅನ್ನೋ ಅರ್ಥ ಇದೆ. ಅದಕ್ಕೇ ಮುಳ್ಳುಹಂದಿ ಅಂತಾರೆ" ಎಂದರು.

"ನಮ್ಮ ಮುಳ್ಳಂದಿ ಮುದುಡಕಿಲ್ಲ ಅಯ್ನೋರೇ. ಬೆನ್ನು ತೋರ್ಸಿ, ಮುಳ್ಳು ನಿಮಿರಿಸ್ಕಂಡು, ಹಿಂದಿಂದೇ ಮೈಮೇಲೆ ಬತ್ತದೆ."

"ಅವರ ನಾಡಿನದು ಚಿಕ್ಕ ಜಾತಿ, ಅದು ಮುದುಡುತ್ತದಂತೆ. ಅದಿರಲಿ. ನನ್ನ ತೊಡಕು ಬೇರೆ. ನಿನೆವೆ ಎಂಬ ಊರಿನ ವಿಷಯ ಹೇಳುವಾಗ, ಈ ಪ್ರಾಣಿ ಕಂಬದ ತಲೆಯಲ್ಲಿ ತಂಗುತ್ತದೆ, ಕಿಟಕಿಯಲ್ಲಿ ದನಿ ಕೇಳುತ್ತದೆ ಎಂದು ಬರುತ್ತದೆ. ಬಾಬೆಲ್ ಎಂಬ ಊರಿನ ವಿಷಯದಲ್ಲಿ ಕಿಪ್ಪೋದನ್ನೂ ನಿಂತ ನೀರನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮುಳ್ಳುಹಂದಿ ಕಂಬ ಹತ್ತುತ್ತದೆಯೇ? ಅದಕ್ಕೆ ನೀರಿನ ಹೊಂಡ ಯಾಕೆ?"

ಕಂಬದ ತಲೆ ಎಂದರೆ ಬೋದಿಗೆ ಎಂದು ನಾನು ಹೇಳಿಕೊಟ್ಟೆ. ಕಂಬಕ್ಕೂ ತೊಲೆಗೂ ನಡುವೆ ಕೂರುವ ಕೆತ್ತನೆಯ ಮರದ ತುಂಡು. ಅವರು ಆ ಮಾತನ್ನು ಆಗಲೇ ಬರೆದುಕೊಂಡರು. ಓದಿದವರೊಬ್ಬರು ನನ್ನ ಮಾತು ಬರೆದುಕೊಂಡದ್ದು ನನಗೆ ಎಷ್ಟು ಹಿತವಾಯಿತೆಂದರೆ ಆ ಮಧ್ಯಾಹ್ನ ಎರಡಾಳಿನ ಕೆಲಸ ಮಾಡಿದೆ.

ಸಂಜೆ ಕೈಕಾಲು ತೊಳೆದು ಹೊರಟಾಗ ಅವರು ಬಾಗಿಲಿಗೆ ಬಂದರು. "ನಿಮ್ಮ ಕಡೆ ಯಾರೂ ಇಲ್ಲದೆ ಬಿದ್ದುಹೋದ ಮನೆ ಯಾವುದಾದರೂ ಇದೆಯೇ? ಹೋಗಿ, ಈಗ ಅದರಲ್ಲಿ ಯಾರು ಸೇರಿಕೊಂಡಿದ್ದಾರೆ ಎಂದು ನೋಡಿ ಬಂದು ಹೇಳಿದರೆ ದೊಡ್ಡ ಉಪಕಾರ. ನನಗೆ ಅಷ್ಟು ದೂರ ನಡೆಯಲು ಆಗುವುದಿಲ್ಲ."

ಇತ್ತು. ಅದು ನನ್ನದೇ ಮನೆ.

ವೀರನಹೊಸಹಳ್ಳಿಯಿಂದ ಆಚೆಗೆ ಎರಡು ಮೈಲಿ ನಡೆದರೆ ಕಾಡಿಗೆ ಒತ್ತಿಕೊಂಡ ಹಾಗೆ ನಮ್ಮ ತೊಟ್ಟಿಮನೆ ಇತ್ತು. ತೊಟ್ಟಿ ಎಂದರೆ ನಡುಮನೆಯ ನಡುವೆ ಸೂರಿಲ್ಲದೆ ಬಿಟ್ಟ ತಗ್ಗು. ನಾಲ್ಕು ಕಡೆಯ ಮಾಡಿನ ನೀರು ಅದರೊಳಗೆ ಬಿದ್ದು, ಮೂಲೆಯ ಮೋರಿಯಿಂದ ಹೊರಗೆ ಹೋಗುತ್ತಿತ್ತು. ಸುತ್ತ ನಾಲ್ಕು ಕಂಬ. ಒಂದು ಕಂಬದಲ್ಲಿ, ಬೋದಿಗೆಗೆ ಒಂದು ಗೇಣು ಕೆಳಗೆ, ಈ ಜಿಂಕೆಕೊಂಬು ಇತ್ತು. ಕಾಡಿನಲ್ಲಿ ಉದುರಿ ಬಿದ್ದಿದ್ದನ್ನು ಅಣ್ಣ ತಂದಿದ್ದ. ರಂಧ್ರ ಕೊರೆದು ನಾಟಿದವನು ನಾನು; ಅದು ನನ್ನ ಉಳಿಯ ಮೊದಲ ಕೆಲಸ. ಹೊಲದಿಂದ ಬಂದ ಅಣ್ಣ ರುಮಾಲು ಬಿಚ್ಚಿ ಅದಕ್ಕೆ ಹಾಕಿದನೆಂದರೆ ಇನ್ನು ಊಟ ಎಂದು ಅತ್ತಿಗೆಗೆ ತಿಳಿಯುತ್ತಿತ್ತು.

ಅಣ್ಣ ತಮ್ಮ ಯಾಕೆ ಬೇರೆಯಾದೆವು ಎಂದು ಕೇಳಬೇಡಿ. ಒಂದು ಬದುವಿನ ಹುಣಸೆಮರದಿಂದ ಶುರುವಾಯಿತು, ಎಲ್ಲೆಲ್ಲಿಗೋ ಹೋಯಿತು. ಊರಿನ ಹಿರಿಯರು ಬಂದು ಮನೆಯನ್ನು ನಡುವಿಗೆ ಪಾಲು ಮಾಡಿ, "ತೊಟ್ಟಿ ಇಬ್ಬರಿಗೂ ಇರ್ಲಿ, ಗೋಡೆ ಗೀಡೆ ಬ್ಯಾಡ" ಎಂದರು. ನಾನು ಒಪ್ಪಲಿಲ್ಲ. ಗೋಡೆ ನಾನೇ ಎತ್ತುತ್ತೇನೆ, ಯಾರ ಕೈಯೂ ಬೇಡ ಎಂದೆ. ಮೂರು ದಿನದಲ್ಲಿ ತೊಟ್ಟಿಯ ನಡುವೆಯೇ ಎದೆಮಟ್ಟ ದಾಟಿಸಿದೆ. ಅಡಿಪಾಯ ಕಲ್ಲಿನದು, ಮೇಲೆ ಬ್ಯಾರನ್ನಿಗೆ ಹಾಕುವಂತೆಯೇ ತುಳಿದು ಹದಮಾಡಿದ ಮಣ್ಣು. ಮೋರಿ ಇದ್ದದ್ದು ನನ್ನ ಪಾಲಿನ ಮೂಲೆಯಲ್ಲಿ.

ಅಣ್ಣ ಕಂಬಕ್ಕೆ ಒರಗಿ ನೋಡುತ್ತಿದ್ದವನು ಮೂರನೆಯ ದಿನ ಬಾಯಿಬಿಟ್ಟ. "ಕೆಳಗೆ ಒಂದು ಕಂಡಿ ಬುಡ್ಲಾ. ಗೇಣಗಲ ಸಾಕು. ನೀರೋಗಬೇಕಲ್ಲ."

"ನಿನ್ನ ನೀರು ನೀನ್ ನೋಡ್ಕೋ" ಎಂದೆ.

ಅವನು ಕಂಬ ಬಿಟ್ಟು ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಅಯ್ನೋರು ಹೇಳಿದ ಎರಡು ಜಾತಿಯೂ ನಮ್ಮ ಮನೆಯಲ್ಲೇ ಇದ್ದವು ನೋಡಿ: ಅಣ್ಣ ಮುದುಡಿಕೊಳ್ಳುವ ಜಾತಿ, ನಾನು ಬೆನ್ನಿನಿಂದ ಚುಚ್ಚುವ ಜಾತಿ.

ಕಂಡಿ ಬಿಡದಿದ್ದರೆ ಏನಾಗುತ್ತದೆ ಎಂದು ಗಾರೆಯವನಿಗೆ ಗೊತ್ತಿರುವುದಿಲ್ಲವೇ? ನೀರು ಅವನ ಅರೆತೊಟ್ಟಿಯಲ್ಲಿ ನಿಲ್ಲುತ್ತದೆ, ನೆಲ ಕುಡಿಯುತ್ತದೆ, ಕಂಬದ ಬುಡ ಕುಡಿಯುತ್ತದೆ. ಎಷ್ಟು ಮಳೆಗೆ ಏನಾಗುತ್ತದೆ ಎಂದು ಕೂಡ ಹೇಳಬಲ್ಲವನಾಗಿದ್ದೆ. ಆ ವರ್ಷ ಮಳೆ ಬಂದಾಗಲೆಲ್ಲ ಗೋಡೆಯ ಆಚೆ ಅತ್ತಿಗೆ ತಪ್ಪಲೆಯಿಂದ ನೀರು ಮೊಗೆಯುವ ಸದ್ದು, ಅಣ್ಣ ಅದನ್ನು ಬಕೀಟಿನಲ್ಲಿ ಹೊರಗೆ ಹೊತ್ತು ಸುರಿಯುವ ಸದ್ದು. ನಾನು ಈಚೆ ಒಲೆಯ ಮುಂದೆ ಕೂತು ಒಬ್ಬನೇ ಮುದ್ದೆ ತಿನ್ನುತ್ತಿದ್ದೆ. ಎರಡು ಮಳೆಗಾಲ ಮೊಗೆದರು. ಮೂರನೆಯದು ಬರುವ ಮುಂಚೆ ಬಾಗಿಲಿಗೆ ಬೀಗ ಹಾಕಿ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೊರಟುಹೋದರು. ಆ ಮನೆಯಲ್ಲಿ ಒಬ್ಬನೇ ಇರಲು ನನಗೂ ಆಗಲಿಲ್ಲ. ಕೆಲಸದ ನೆಪ ಹೇಳಿ ಹುಣಸೂರು ಸೇರಿದೆ. ಆಮೇಲೆ ಆ ದಾರಿಗೇ ಹೋಗಲಿಲ್ಲ. ಬಿದ್ದಿದೆ ಎಂದು ಯಾರೋ ಹೇಳಿದ್ದರು. ಹೇಗೆ ಬಿದ್ದಿರುತ್ತದೆ, ಮೊದಲು ಯಾವ ಕಂಬ ಕುಸಿದಿರುತ್ತದೆ ಎಂದು ನೋಡದೆಯೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಕಣ್ಣಿನಿಂದ ನೋಡುವುದು ಬೇಡವಾಗಿತ್ತು.

ಆದ್ದರಿಂದ ಅಯ್ನೋರಿಗೆ ಸುಳ್ಳು ಹೇಳಿದೆ. ಭಾನುವಾರವೆಲ್ಲ ಕೋಣೆಯಲ್ಲಿ ಮಲಗಿದ್ದು, ಸೋಮವಾರ ಬೆಳಿಗ್ಗೆ ಯಾವಾಗಲೂ ಉಡುವ ಅದೇ ಪಂಚೆಯಲ್ಲಿ ಹೋಗಿ, "ನೋಡ್ಕಂಡ್ ಬಂದೆ ಅಯ್ನೋರೇ. ಹಕ್ಕಿನೇ. ತೊಲೆ ಮೇಲೆ ಗೂಬೆ ಕೂತಿತ್ತು" ಎಂದೆ. ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಪಂಚೆಯನ್ನು ನೋಡಿದರು, ಆಮೇಲೆ ನೋಟುಬುಕ್ಕು ತೆಗೆದು ನಿಧಾನವಾಗಿ ಬರೆದರು. "ಉಪಕಾರವಾಯಿತು ಮೇಸ್ತ್ರಿ" ಎಂದರು. ಇಪ್ಪತ್ತು ವರ್ಷದ ಪುಸ್ತಕದ ಕೊನೆಯ ಪುಟಕ್ಕೆ ನನ್ನ ಸುಳ್ಳು ಹೋಗಿ ಕೂತುಕೊಂಡಿತು. ಆ ದಿನ ಬುತ್ತಿಯನ್ನು ಹೊರಗೆ ಮರದ ಕೆಳಗೇ ಬಿಚ್ಚಿದೆ.

ಕೆಲಸ ಮುಗಿದು ಎರಡು ತಿಂಗಳಾದ ಮೇಲೆ ವೀರನಹೊಸಹಳ್ಳಿಯ ಹತ್ತಿರ ಒಂದು ಬ್ಯಾರನ್ ಹಿಡಿದೆ. ಮಣ್ಣು ತುಳಿಯಲು ಕರಿಯ ಬರುತ್ತಿದ್ದ. ಜೇನುಕುರುಬರ ಹಾಡಿಯವನು, ನನ್ನ ವಾರಿಗೆಯವನೇ. ನಮ್ಮ ಮನೆಗೂ ಅವನ ಹಾಡಿಗೂ ನಡುವೆ ಒಂದು ಹಳ್ಳ ಅಷ್ಟೇ. ಕಾಲು ಮಣ್ಣಿನಲ್ಲಿ ಆಡುತ್ತಿದ್ದ ಹಾಗೆಯೇ ಕೇಳಿದ:

"ಅಣ್ಣ, ನಿಮ್ಮನೆ ಬಾಡಿಗೆಗೆ ಕೊಟ್ಟಿದ್ದೀರಾ?"

"ಯಾರ್ಲಾ ಅವರೆ ಅಲ್ಲಿ?"

"ಮುಳ್ಳಂದಿ ಸಂಸಾರ. ಎಲ್ಡು ದೊಡ್ಡವು, ಒಂದು ಮರಿ. ನಿಮಗಿಂತ ವಾಸಿ ಕಣಣ್ಣ. ಗೋಡೆ ಇಕ್ಕಿಲ್ಲ, ಇದ್ದುದ್ನೂ ಕೊರ್ದವೆ."

ಉಳಿದ ಆಳುಗಳು ನಕ್ಕರು. ಬೇರೆ ಯಾರಾದರೂ ಆಡಿದ್ದರೆ ಆ ಮಾತಿಗೆ ನಾನು ಕರಣೆ ಎಸೆದು ಜಗಳಕ್ಕೆ ನಿಲ್ಲುತ್ತಿದ್ದೆನೇನೋ. ಕರಿಯನ ಮುಖದಲ್ಲಿ ಕುಹಕ ಇರಲಿಲ್ಲ, ಕಂಡದ್ದನ್ನು ಹೇಳಿದ್ದ. ಮಾರನೆಯ ದಿನ ಕೆಲಸಕ್ಕೆ ರಜೆ ಹೇಳಿ ಹೊರಟೆ.

ಬೆಳಗಿನ ಹತ್ತು ಗಂಟೆಯ ಬಿಸಿಲು. ಅಂಗಳದಲ್ಲಿ ಉತ್ತರಾಣಿ ತೊಡೆಯವರೆಗೆ ಬೆಳೆದಿತ್ತು, ದಾಟುವಷ್ಟರಲ್ಲಿ ಪಂಚೆಯ ತುಂಬ ಅದರ ಬೀಜ. ನನ್ನ ಪಾಲಿನ ಭಾಗ ಅರ್ಧ ನಿಂತಿತ್ತು. ಅಣ್ಣನ ಪಾಲು ಪೂರ್ತಿ ಕೂತಿತ್ತು. ಅವನ ಅರೆತೊಟ್ಟಿಯಲ್ಲಿ ನೀರು, ಮೇಲೆ ಹಸಿರು ಪಾಚಿ, ಒಂದು ಕಪ್ಪೆ. ನನ್ನ ಅರೆಯಲ್ಲಿ ನೆಲ ಒಣಗಿತ್ತು. ಗೋಡೆ ಮಾತ್ರ ಎಲ್ಲೂ ಬಿರುಕಿಲ್ಲದೆ ನಿಂತಿತ್ತು. ಬುಡದಲ್ಲಿ ಕಲ್ಲು, ಒಂದು ಹನಿಯೂ ಈಚೆಗೆ ಬಂದಿರಲಿಲ್ಲ. ಅಷ್ಟು ಒಳ್ಳೆಯ ಕೆಲಸ.

ನೀರಿಗಿಂತ ಒಂದು ಮೊಳ ಮೇಲೆ, ಹೆಂಚಿನ ರಾಶಿ ಗೋಡೆಗೆ ತಾಗಿದ ಕಡೆ, ಮಣ್ಣನ್ನು ಯಾರೋ ಬಗೆದು ಕೊರೆದಿದ್ದರು. ಆಚೆಯಿಂದ ಈಚೆಗೆ ಹಾದಿ. ಅಣ್ಣ ಕೇಳಿದ್ದು ಗೇಣಗಲ. ಇದು ಮೊಳದಗಲ ಇತ್ತು. ಆ ತೂತಿನ ಬಾಯಲ್ಲಿ ಉದುರಿದ ಎರಡು ಮುಳ್ಳು, ಕಪ್ಪು ಬಿಳುಪು.

ಅಣ್ಣನ ಪಾಲಿಗೆ ಬಂದಿದ್ದ ಕೊಂಬಿನ ಕಂಬ ನಾನು ಎಣಿಸಿದ ಹಾಗೆಯೇ ಬುಡದಲ್ಲಿ ಕೊಳೆತು ಅಡ್ಡ ಬಿದ್ದಿತ್ತು. ಅದರ ತಲೆ, ಬೋದಿಗೆ, ನೆಲದ ಮೇಲೆ. ಬೋದಿಗೆಯ ಕೆಳಗಿನ ಪೊಟರೆಯಲ್ಲಿ ಒಣಹುಲ್ಲು, ಮೂಳೆಯ ಚೂರು, ಸಣ್ಣ ದೊಡ್ಡ ಮುಳ್ಳುಗಳು. ಕಂಬದಲ್ಲಿ ನಾನು ನಾಟಿದ ಕೊಂಬು ಹಾಗೇ ಇತ್ತು, ಒಂದು ಕವಲು ಮಾತ್ರ ಹಲ್ಲಿನಿಂದ ಕೆರೆದು ಕೆರೆದು ಮೊಂಡಾಗಿತ್ತು. ಮುಳ್ಳುಹಂದಿಗೆ ಕೊಂಬು, ಮೂಳೆ ಕಡಿಯುವ ಚಟವಿದೆ.

ಮುಳ್ಳುಹಂದಿ ಕಂಬ ಹತ್ತಬೇಕಾಗಿಯೇ ಇರಲಿಲ್ಲ. ಕಂಬವೇ ಇಳಿದುಬಂದಿತ್ತು. ಇಪ್ಪತ್ತು ವರ್ಷ ಪುಸ್ತಕ ನೋಡಿದ ಅಯ್ನೋರಿಗೆ ಅದು ಹೊಳೆಯದಿದ್ದರೆ ತಪ್ಪಲ್ಲ. ಅವರು ಓದುವಾಗ ಕಂಬ ನಿಂತೇ ಇತ್ತು. ಗಾರೆಯವನಾದ ನನಗೆ ಆ ಮೇಜಿನ ಮುಂದೆಯೇ ಹೊಳೆಯಬೇಕಿತ್ತು. ಬಿದ್ದ ಮನೆಯನ್ನು ನೆನೆಯಲು ಮನಸ್ಸು ಒಪ್ಪಿರಲಿಲ್ಲ.

ಕೊಂಬನ್ನು ಅಲುಗಾಡಿಸಿ ಕೀಳುವಾಗ ಸದ್ದಾಯಿತು. ಒಣ ಹುಣಸೆಬೀಜವನ್ನು ಮೊರದಲ್ಲಿ ಕೇರಿದ ಹಾಗೆ, ಜರಜರ ಎಂದು. ಅತ್ತಿಗೆ ಕೂತು ಬೀಡಿ ಕಟ್ಟುತ್ತಿದ್ದ ಕಿಟಕಿಯ ಚೌಕಟ್ಟು ಗೋಡೆಯೊಂದಿಗೆ ಕುಸಿದು ನೆಲಮಟ್ಟಕ್ಕೆ ಬಂದಿತ್ತು. ಸದ್ದು ಬಂದದ್ದು ಅದರ ಒಳಗಿನಿಂದ. ಮುಳ್ಳುಹಂದಿ ಮುಳ್ಳು ಕೊಡವುತ್ತಿತ್ತು, ಮೈ ಕಾಣಲಿಲ್ಲ. ಹೋಗು ಎನ್ನುತ್ತಿತ್ತು. ಅದರ ಮನೆ, ಅದು ಹೇಳಬಹುದು. ಕೊಂಬನ್ನೂ ಒಂದು ಮುಳ್ಳನ್ನೂ ಹಿಡಿದುಕೊಂಡು ಹೊರಗೆ ಬಂದೆ.

ನೇರವಾಗಿ ಹುಣಸೂರಿಗೆ, ಅಯ್ನೋರ ಬಾಗಿಲಿಗೆ. ಕೊಂಬು, ಮುಳ್ಳು ಎರಡನ್ನೂ ಮೇಜಿನ ಮೇಲಿಟ್ಟೆ. "ಅವತ್ತು ನಾನು ಹೇಳಿದ್ದು ಸುಳ್ಳು ಅಯ್ನೋರೇ. ಹೋಗಿರಲೇ ಇಲ್ಲ."

"ಗೊತ್ತು. ಪಾಳುಮನೆ ಹೊಕ್ಕು ಬಂದವರ ಪಂಚೆಯಲ್ಲಿ ಒಂದು ಉತ್ತರಾಣಿ ಬೀಜವೂ ಇರಲಿಲ್ಲ" ಎಂದು ನೋಟುಬುಕ್ಕು ತೆರೆದರು. ಪುಸ್ತಕವೆಲ್ಲ ನೀಲಿ ಇಂಕಿನಲ್ಲಿತ್ತು. ಕೊನೆಯ ಪುಟದಲ್ಲಿ ನನ್ನ ಗೂಬೆ ಮಾತ್ರ ಪೆನ್ಸಿಲಿನಲ್ಲಿ ಕೂತಿತ್ತು. ಅವರು ರಬ್ಬರು ತೆಗೆದು ಅದನ್ನು ಅಳಿಸಿ, ಪೆನ್ನಿಗೆ ಇಂಕು ತುಂಬಿಕೊಂಡು, "ಈಗ ಹೇಳಿ" ಎಂದರು.

ಹೇಳಿದೆ. ಬಿದ್ದ ಕಂಬ, ನೆಲಕ್ಕಿಳಿದ ಬೋದಿಗೆ, ಕಿಟಕಿಯ ಸದ್ದು, ಪಕ್ಕದಲ್ಲೇ ನಿಂತ ನೀರು. ಅವರು ಬರೆಯುತ್ತಾ ಹೋದರು, ಕಣ್ಣು ಒದ್ದೆಯಾಗಿತ್ತು. "ನೀರು ಮತ್ತು ಕಿಪ್ಪೋದ್. ಎರಡೂ ಒಂದೇ ಮನೆಯಲ್ಲಿ" ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ತಲೆಯೆತ್ತಿ ಕೇಳಿದರು:

"ಅಲ್ಲ ಮೇಸ್ತ್ರಿ, ಮನೆಯ ಒಳಗೆ ಅಷ್ಟು ನೀರು ಯಾಕೆ ನಿಂತಿತ್ತು?"

ಗಡಿಯಾರ ಹೊಡೆದುಕೊಳ್ಳುತ್ತಿತ್ತು. "ಮಳೆ" ಎಂದೆ.

ಅವರು ನನ್ನನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಪೆನ್ಸಿಲು ತೆಗೆದುಕೊಂಡು ಆ ಒಂದು ಮಾತು ಬರೆದರು. "ರಬ್ಬರು ಇಲ್ಲೇ ಇರುತ್ತದೆ, ಯಾವಾಗ ಬೇಕಾದರೂ ಬನ್ನಿ" ಎಂದರು.

ಹೋಗಲಿಲ್ಲ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುವಷ್ಟರಲ್ಲಿ ಅವರಿಗೆ ದೂರದ ಊರಿಗೆ ವರ್ಗವಾಯಿತು. ಪುಸ್ತಕ ಅಚ್ಚಾಯಿತೋ ಇಲ್ಲವೋ ತಿಳಿಯದು. ಅಣ್ಣ ಅಲ್ಲೇ ಕೊಡಗಿನಲ್ಲಿ ತೀರಿಕೊಂಡ. ಸುದ್ದಿ ಬಂದದ್ದು ಹನ್ನೊಂದು ದಿನವಾದ ಮೇಲೆ. ಹೋದೆ. ಅತ್ತಿಗೆ ಕಾಫಿ ಕೊಟ್ಟರು. ಬಾಯಿಗೆ ಬಂದ ಮಾತನ್ನು ಕಾಫಿಯ ಜೊತೆ ನುಂಗಿದೆ. ಹೊರಡುವಾಗ ಅವರೇ ಅಂದರು: "ಇಲ್ಲಿ ಮಳೆ ಜಾಸ್ತಿ ಕಣಪ್ಪ. ಮಳೆ ಹುಯ್ದಾಗೆಲ್ಲ ನಿಮ್ಮಣ್ಣ ಬಕೀಟು ಎಲ್ಲಿ ಅಂತ ಕೇಳೋರು. ಮನೆ ಸೋರ್ತಾ ಇರ್ಲಿಲ್ಲ, ಆದ್ರೂ ಕೇಳೋರು." ನಾನು ಬಸ್ಸು ಹತ್ತಿದೆ.

ಆಮೇಲೆ ನಾನು ಕಟ್ಟಿದ ಅಂಗಳದ, ಹಿತ್ತಲಿನ ಗೋಡೆಗಳಿಗೆಲ್ಲ, ಕೇಳಲಿ ಬಿಡಲಿ, ಬುಡದಲ್ಲಿ ಒಂದು ಕಂಡಿ ಬಿಟ್ಟಿದ್ದೇನೆ. "ಇದ್ಯಾಕೆ ಮೇಸ್ತ್ರಿ?" ಎಂದರೆ "ಮಳೆಗೆ" ಎನ್ನುತ್ತೇನೆ. ಅದೇ ಮಾತು, ಇನ್ನೂ ಪೆನ್ಸಿಲಿನಲ್ಲೇ.

ಇದನ್ನು ನಿಮಗೆ ಹೇಳುತ್ತಾ ಹೇಳುತ್ತಾ ಬಿಸಿಲು ಬಾಗಿಲಿಗೆ ಬಂತು. ಕಂಡಿ ಬಿಡು ಎಂದು ಅಣ್ಣ ಕೇಳಿದ್ದ, ನಾನು ಬೇಕೆಂದೇ ಬಿಡಲಿಲ್ಲ: ಇಷ್ಟೇ ಮಾತು. ಇಷ್ಟು ವರ್ಷ ಬೇಕಾಗಿರಲಿಲ್ಲ ಇದಕ್ಕೆ. ಅತ್ತಿಗೆ ಇನ್ನೂ ಇದ್ದಾರೆ, ಗೋಣಿಕೊಪ್ಪಲಿನ ಹತ್ತಿರ ಮಗಳ ಮನೆಯಲ್ಲಿ. ಕಿವಿ ಮಂದವಂತೆ, ಗಟ್ಟಿಯಾಗಿ ಹೇಳಬೇಕಾದೀತು, ಸುತ್ತಮುತ್ತಲವರಿಗೂ ಕೇಳಿಸೀತು. ಕೇಳಿಸಲಿ.

ಕೊಂಬನ್ನು ಗೋಡೆಯಿಂದ ಕಿತ್ತು ಚೀಲಕ್ಕೆ ಹಾಕಿಕೊಂಡೆ. ಬಿದ್ದಿದ್ದ ಅಂಗಿಯನ್ನು ಎತ್ತಿ, ಕೊಡವಿ, ತೊಟ್ಟುಕೊಂಡೆ. ಹನ್ನೊಂದೂವರೆಗೆ ಒಂದು ಬಸ್ಸಿದೆ.